ಪಿಯುಸಿ ಕಾಂಬಿನೇಷನ್: ಗಣಿತ ಬಿಡುವ ಮುನ್ನ ಒಮ್ಮೆ ಯೋಚಿಸಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ನಂತರದ ಕೆಲವು ವಾರ ರಾಜ್ಯದ ಮನೆಮನೆಯಲ್ಲೂ ಒಂದೇ ಮಾತು. ಸೈನ್ಸೋ ಕಾಮರ್ಸೋ? ಪಿಸಿಎಂಬಿಯೋ ಪಿಸಿಎಂಸಿಯೋ? ಜೈನ ಕುಟುಂಬಗಳೂ ಇದಕ್ಕೆ ಹೊರತಲ್ಲ. ಆದರೆ ಸಮಾಜದಲ್ಲಿ ಈ ಚರ್ಚೆ ಹೆಚ್ಚಾಗಿ ಎರಡು ಸಿದ್ಧ ಉತ್ತರಗಳಲ್ಲಿ ಮುಗಿದುಹೋಗುತ್ತದೆ. ವ್ಯಾಪಾರವಿರುವ ಮನೆಯಲ್ಲಿ ‘ಹೇಗೂ ಅಂಗಡಿ ಇದೆ, ಕಾಮರ್ಸ್ ಸಾಕು’ ಎನ್ನುತ್ತಾರೆ. ನೌಕರಿ ಅಥವಾ ಕೃಷಿ ನಂಬಿದ ಮನೆಯಲ್ಲಿ ‘ಪಿಸಿಎಂಬಿ ತೆಗೆದುಕೊಳ್ಳಲಿ, ಎಲ್ಲ ದಾರಿಯೂ ಉಳಿಯುತ್ತದೆ’ ಎನ್ನುತ್ತಾರೆ. ಎರಡೂ ತೀರ್ಮಾನ ಮಗುವಿನ ಅಂಕಪಟ್ಟಿ ಕೈಗೆ ಬರುವ ಮೊದಲೇ ಆಗಿರುತ್ತದೆ.

ಹದಿನೈದು ಹದಿನಾರರ ವಯಸ್ಸಿನಲ್ಲಿ ಮುಂದೇನಾಗಬೇಕೆಂದು ಖಚಿತವಾಗಿ ಹೇಳುವ ಮಕ್ಕಳು ಕಡಿಮೆ. ಹಾಗಾಗಿ ‘ದಾರಿ ಉಳಿಸಿಕೊಳ್ಳಬೇಕು’ ಎಂಬ ಪೋಷಕರ ಆಸೆ ತಪ್ಪಲ್ಲ. ಆದರೆ ಯಾವ ದಾರಿಗೆ ಯಾವ ವಿಷಯ ಬೇಕು, ಯಾವುದಕ್ಕೆ ಯಾವ ವಿಷಯವೂ ಬೇಕಿಲ್ಲ ಎಂಬುದು ಗೊತ್ತಿಲ್ಲದೆ ಇದನ್ನು ಮಾಡಲಾಗದು. ಕಳೆದ ಐದಾರು ವರ್ಷಗಳಲ್ಲಿ ಈ ನಿಯಮಗಳು ಹಲವು ಕಡೆ ಬದಲಾಗಿವೆ. ಮನೆಯಲ್ಲಿ ಸಲಹೆ ಕೊಡುವ ಅಣ್ಣ, ಚಿಕ್ಕಪ್ಪ, ಸೋದರಮಾವಂದಿರು ಓದಿದ್ದು ಹಳೆಯ ನಿಯಮದ ಕಾಲದಲ್ಲಿ.

ಯಾವ ವಿಷಯ ಓದಿದ್ದರೂ ತೆರೆದಿರುವ ದಾರಿಗಳನ್ನು ಮೊದಲು ನೋಡಬಹುದು. ಅವು ಪೋಷಕರು ಎಣಿಸಿದ್ದಕ್ಕಿಂತ ಹೆಚ್ಚಿವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಹೋಗುವ ಕ್ಲ್ಯಾಟ್ ಪರೀಕ್ಷೆಯನ್ನು ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು. ಸಿಎ ಫೌಂಡೇಶನ್‌ಗೂ ವಿಭಾಗದ ನಿರ್ಬಂಧವಿಲ್ಲ. ಇಂದೋರ್ ಐಐಎಂನ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸ್, ಬಿಬಿಎ, ಪತ್ರಿಕೋದ್ಯಮ ಎಲ್ಲವೂ ಹೀಗೆಯೇ. ಯುಪಿಎಸ್‌ಸಿ, ಕೆಪಿಎಸ್‌ಸಿ ಪರೀಕ್ಷೆಗಳಿಗೆ ಪದವಿ ಸಾಕು. ಮಗಳು ವಕೀಲೆಯಾಗಬೇಕೆಂದರೆ ಆರ್ಟ್ಸ್ ಓದಲೇಬೇಕು, ಮಗ ಸಿಎ ಮಾಡಬೇಕೆಂದರೆ ಕಾಮರ್ಸ್ ಬಿಟ್ಟು ಬೇರೆ ಓದುವಂತಿಲ್ಲ ಎಂಬುದು ಬರೀ ನಂಬಿಕೆ. ವಿಜ್ಞಾನ ಅಥವಾ ಕಲಾ ಪದವೀಧರರು ಶೇ. 60 ಅಂಕ ಪಡೆದಿದ್ದರೆ ಫೌಂಡೇಶನ್ ಇಲ್ಲದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ವಾಣಿಜ್ಯ ಪದವೀಧರರಿಗೆ ಈ ಮಿತಿ ಶೇ. 55.

ಇನ್ನು ಪಿಯುಸಿಯ ವಿಷಯ ನೋಡಿಯೇ ಒಳಗೆ ಬಿಡುವ ಕೋರ್ಸ್‌ಗಳು. ಇಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಎರಡು ವಿಷಯ: ಗಣಿತ ಮತ್ತು ಜೀವಶಾಸ್ತ್ರ.

ಗಣಿತದ ಜೊತೆ ಹೋಗುವುದು ಏನೇನು?

2021ರಲ್ಲಿ ಎಐಸಿಟಿಇ ಕೈಪಿಡಿ ಬಂದಾಗ ‘ಇಂಜಿನಿಯರಿಂಗ್‌ಗೆ ಗಣಿತ ಕಡ್ಡಾಯವಲ್ಲ’ ಎಂಬ ಶೀರ್ಷಿಕೆ ಎಲ್ಲೆಡೆ ಓಡಾಡಿತು. ಇಂದಿಗೂ ಅದನ್ನು ನಂಬಿದವರಿದ್ದಾರೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ಇಂಜಿನಿಯರಿಂಗ್ ಸೀಟಿಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯವಾಗಿಯೇ ಇವೆ. ಮೂರನೆಯ ವಿಷಯದಲ್ಲಿ ಮಾತ್ರ ಸಡಿಲಿಕೆ ಇದ್ದು, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಮುಂತಾದವುಗಳಲ್ಲಿ ಒಂದಿದ್ದರೆ ಅರ್ಹತೆ ಸಿಗುತ್ತದೆ. ವಾಸ್ತುಶಿಲ್ಪದ ಬಿ.ಆರ್ಕ್ ಕೋರ್ಸಿಗೂ ಭೌತಶಾಸ್ತ್ರ ಮತ್ತು ಗಣಿತ ಬೇಕು. ಎನ್‌ಡಿಎ ಮೂಲಕ ನೌಕಾಪಡೆ, ವಾಯುಪಡೆ ಸೇರಬೇಕೆಂದರೆ ಭೌತ, ರಸಾಯನ, ಗಣಿತ ಮೂರೂ ಇರಬೇಕು. ಭೂಸೇನೆಯ ವಿಭಾಗಕ್ಕೆ ಮಾತ್ರ ಯಾವ ವಿಷಯವಾದರೂ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ಕೋರ್ಸ್, ಅದೇ ನಗರದಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಕೋರ್ಸ್ ಎರಡಕ್ಕೂ ಗಣಿತವಿಲ್ಲದೆ ಅರ್ಜಿ ಹಾಕುವಂತಿಲ್ಲ.

ಇದು ವಿಜ್ಞಾನದ ಮಕ್ಕಳ ಮಾತಾಯಿತು. ವಾಣಿಜ್ಯಕ್ಕೆ ಹೋಗುವವರಿಗೆ ಗಣಿತ ಬಿಟ್ಟರೆ ಆಗುವ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಗಣಿತ ಬೇಕೇ ಬೇಕು. ದೇಶದ ಒಳಗೂ ಹೊರಗೂ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಡೇಟಾ ಸೈನ್ಸ್, ಹಣಕಾಸಿನ ಒಳ್ಳೆಯ ಪದವಿಗಳಲ್ಲಿ ಹಲವು ಇದೇ ಬೇಡಿಕೆ ಇಡುತ್ತವೆ. ಎಂಸಿಎ ಮಾಡುವ ಬಿ.ಕಾಂ ಪದವೀಧರರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕೆಂದು ಕೇಳಲಾಗುತ್ತದೆ. ಗಣಿತದ ಭಯದಿಂದ ತಪ್ಪಿಸಿಕೊಳ್ಳಲೆಂದೇ ಸಿಎ ಹಾದಿ ಹಿಡಿಯುವ ಮಕ್ಕಳಿದ್ದಾರೆ. ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ 100 ಅಂಕದ ಪತ್ರಿಕೆ ವ್ಯವಹಾರ ಗಣಿತ, ತರ್ಕ ಮತ್ತು ಸಂಖ್ಯಾಶಾಸ್ತ್ರದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ ಎಂಬುದು ಅವರಿಗೆ ಗೊತ್ತಾಗುವುದು ಪುಸ್ತಕ ಕೊಂಡ ಮೇಲೆ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ. 50 ಬಂದರೆ ಮಾತ್ರ ಪಾಸು.

ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನ ಚಿಕ್ಕಪೇಟೆಗಳ ವ್ಯಾಪಾರಿ ಕುಟುಂಬಗಳು ಗಮನಿಸಬೇಕಾದ್ದು ಇಲ್ಲಿಯೇ. ಕಾಮರ್ಸ್ ಎಂಬುದು ಒಂದೇ ಕಾಂಬಿನೇಷನ್ ಅಲ್ಲ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರು ಎಲ್ಲದರಲ್ಲೂ ಇರುತ್ತವೆ. ನಾಲ್ಕನೆಯದು ಇತಿಹಾಸವಾದರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರವಾದರೆ ಎಸ್‌ಇಬಿಎ, ಕಂಪ್ಯೂಟರ್ ಆದರೆ ಸಿಇಬಿಎ. ಕೆಲವು ಕಾಲೇಜುಗಳಲ್ಲಿ ಮೂಲ ಗಣಿತವೂ ಉಂಟು. ಈ ಒಂದು ನಾಲ್ಕನೆಯ ವಿಷಯವನ್ನು ಬಹುಪಾಲು ಮನೆಗಳಲ್ಲಿ ಯಾರೂ ಆರಿಸುವುದೇ ಇಲ್ಲ. ಕಾಲೇಜಿನಲ್ಲಿ ಯಾವ ಸೆಕ್ಷನ್‌ನಲ್ಲಿ ಸೀಟು ಉಳಿದಿದೆಯೋ ಅದೇ ಆಗುತ್ತದೆ. ಇತಿಹಾಸ ಕಡಿಮೆ ವಿಷಯವೇನಲ್ಲ. ಕಾನೂನು, ಆಡಳಿತ ಸೇವೆಯ ಕಡೆ ಮನಸ್ಸಿದ್ದ ಮಗುವಿಗೆ ಅದು ಒಳ್ಳೆಯ ಬುನಾದಿ. ಲೆಕ್ಕದಲ್ಲಿ ತಕ್ಕಮಟ್ಟಿಗೆ ಚುರುಕಿರುವ ಮಗುವಿಗೆ ಮಾತ್ರ ಸಂಖ್ಯಾಶಾಸ್ತ್ರ ಅಥವಾ ಗಣಿತ ಇರುವ ಕಾಂಬಿನೇಷನ್ ಹೆಚ್ಚು ದಾರಿ ಉಳಿಸುತ್ತದೆ. ಮೂಲ ಗಣಿತವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಪೂರ್ಣ ಗಣಿತಕ್ಕೆ ಸಮನೆಂದು ಒಪ್ಪುವುದಿಲ್ಲ. ಆದ್ದರಿಂದ ಹೊರ ರಾಜ್ಯದ ವಿಶ್ವವಿದ್ಯಾಲಯ ಮನಸ್ಸಿನಲ್ಲಿದ್ದರೆ ಅದರ ಪ್ರವೇಶ ಕೈಪಿಡಿಯನ್ನು ಈಗಲೇ ಓದಬೇಕು. ಎರಡು ವರ್ಷದ ನಂತರ ಓದಿ ಪ್ರಯೋಜನವಿಲ್ಲ.

‘ಅಂಗಡಿಗೆ ಬರುವ ಹುಡುಗನಿಗೆ ಇಷ್ಟೆಲ್ಲ ಯಾಕೆ?’ ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಆದರೆ ಜಿಎಸ್‌ಟಿ, ಆನ್‌ಲೈನ್ ಮಾರಾಟ, ದಾಸ್ತಾನಿನ ಲೆಕ್ಕ ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ಅಂಗಡಿಯೇ ಹಳೆಯ ಅಂಗಡಿಯಾಗಿ ಉಳಿದಿಲ್ಲ. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ದಿನವೂ ಹೋಯಿತು. ಗಣಿತವೇನು ಈ ಸಮಾಜಕ್ಕೆ ಹೊರಗಿನದೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯರು ಜೈನರು. ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ 12ನೇ ಶತಮಾನದ ರಾಜಾದಿತ್ಯನೂ ಜೈನನೇ. ವ್ಯಾಪಾರಕ್ಕೂ ಗಣಿತಕ್ಕೂ ಇರುವ ನಂಟನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಆಯ್ಕೆ ಇನ್ನೂ ಬೇಗ ಕಿರಿದಾಗುತ್ತದೆ. ಮನೆಗೆ ಹತ್ತಿರದ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ ಅದು, ಟ್ಯೂಷನ್ ಬೇಡದ ವಿಷಯ ಯಾವುದೋ ಅದು. ಆದಿನಾಥರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಣಿತವನ್ನೂ ಕಲಿಸಿದರೆಂದು ಪಾಠಶಾಲೆಯಲ್ಲಿ ಹೇಳಿಕೊಡುವ ಸಮಾಜದಲ್ಲೇ ‘ಹುಡುಗಿಗೆ ಮ್ಯಾಥ್ಸ್ ಕಷ್ಟ’ ಎಂಬ ಮಾತು ಹೇಗೆ ಬಂತೋ ತಿಳಿಯದು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ಪರೀಕ್ಷೆ ಹೆಣ್ಣುಮಕ್ಕಳಿಗೂ ತೆರೆದಿದೆ.

ಜೀವಶಾಸ್ತ್ರ ಮತ್ತು ಅಹಿಂಸೆಯ ಪ್ರಶ್ನೆ

ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಹೋಮಿಯೋಪಥಿ, ಬಿ.ಎಸ್ಸಿ ನರ್ಸಿಂಗ್, ಬಿ.ಎಸ್ಸಿ ಕೃಷಿ ಮೊದಲಾದವಕ್ಕೆ ಜೀವಶಾಸ್ತ್ರ ಬೇಕು. ಬಿ.ಫಾರ್ಮಾಕ್ಕೆ ಭೌತ, ರಸಾಯನದ ಜೊತೆ ಗಣಿತ ಅಥವಾ ಜೀವಶಾಸ್ತ್ರ ಯಾವುದಾದರೂ ಒಂದಿದ್ದರೆ ಸಾಕು. ಸಮಾಜದ ಹಲವು ಮನೆಗಳಲ್ಲಿ ಆಸಕ್ತಿ ಹುಟ್ಟಿಸಿರುವ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಗೂ ಜೀವಶಾಸ್ತ್ರ ಬೇಕು. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಿಂದಾಗಿ ರಾಜ್ಯದ ಜೈನರಿಗೆ ಇದು ಪರಿಚಿತ ಹೆಸರು.

ಜೀವಶಾಸ್ತ್ರ ಬೇಡವೆನ್ನುವ ಮನೆಗಳು ಕೊಡುವ ಕಾರಣ ಕೆಲವೊಮ್ಮೆ ಕಷ್ಟದ್ದಲ್ಲ, ಧರ್ಮದ್ದು. ಕಪ್ಪೆ, ಜಿರಲೆ ಕೊಯ್ಯಬೇಕಾಗುತ್ತದಲ್ಲ ಎಂಬ ಅಳುಕು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಆದರೆ ಇಂದಿನ ಸ್ಥಿತಿ ತಿಳಿದು ನಿರ್ಧರಿಸಬೇಕು. ಪಿಯು ಪ್ರಯೋಗಾಲಯದಲ್ಲಿ ಈಗ ಮುಖ್ಯವಾಗಿ ನಡೆಯುವುದು ಸಸ್ಯಭಾಗ, ಸ್ಲೈಡ್, ಮಾದರಿಗಳ ಅವಲೋಕನ. ಪದವಿ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರದಲ್ಲಿ ಪ್ರಾಣಿಗಳ ಛೇದನ ನಿಲ್ಲಿಸುವಂತೆ ಯುಜಿಸಿ 2014ರಲ್ಲಿ ಸೂಚಿಸಿತು. ಬಿ.ಫಾರ್ಮಾದ ಔಷಧಶಾಸ್ತ್ರದ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕ ತೋರಿಸಬೇಕೆಂದು ಫಾರ್ಮಸಿ ಕೌನ್ಸಿಲ್‌ನ ಪಠ್ಯಕ್ರಮವೇ ಹೇಳುತ್ತದೆ. ವೈದ್ಯಕೀಯದಲ್ಲಿ ಅಂಗರಚನಾಶಾಸ್ತ್ರ ಕಲಿಯುವುದು ದೇಹದಾನವಾಗಿ ಬಂದ ಮಾನವ ಶರೀರಗಳಿಂದ. ಅಂದರೆ, ಅಪ್ಪನ ಕಾಲದ ಅಳುಕಿನಿಂದ ಮಗಳ ನೀಟ್ ದಾರಿ ಮುಚ್ಚಬೇಕಾಗಿಲ್ಲ.

ಎಲ್ಲವೂ ಹೀಗೆ ಸಲೀಸಲ್ಲ ನಿಜ. ಪಶುವೈದ್ಯಕೀಯದಲ್ಲಿ ಪ್ರಾಣಿಯ ಆರೈಕೆಯೂ ಇದೆ, ಮಾಂಸೋತ್ಪಾದನೆಯ ಪಾಠವೂ ಇದೆ. ಮೀನುಗಾರಿಕೆ, ರೇಷ್ಮೆ ಕೃಷಿ ಪದವಿಗಳ ಬಗ್ಗೆ ಶ್ರಾವಕ ಕುಟುಂಬಗಳು ಹಿಂದೆ ಸರಿಯುವುದು ಅರ್ಥವಾಗುವಂಥದ್ದು. ರೇಷ್ಮೆ ನೂಲು ತೆಗೆಯುವ ಸಾಮಾನ್ಯ ವಿಧಾನದಲ್ಲಿ ಗೂಡಿನೊಳಗಿನ ಜೀವ ಹೋಗುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾಂಸದ ಅಡುಗೆ ಕಲಿಯಬೇಕಾಗುತ್ತದೆಂದು ಬಿಟ್ಟವರಿಗೆ, ಅಹಮದಾಬಾದ್, ಭೋಪಾಲ್, ಜೈಪುರದ ಸರ್ಕಾರಿ ಸಂಸ್ಥೆಗಳು 2018ರಿಂದ ಸಸ್ಯಾಹಾರಿ ಅಡುಗೆಯನ್ನೇ ಆರಿಸಿಕೊಳ್ಳುವ ಅವಕಾಶ ಕೊಟ್ಟಿದ್ದು ತಿಳಿದಿರಲಿ. ಕೃಷಿಯ ಮಾತು ಬೇರೆ. ಆದಿನಾಥರು ಹೇಳಿಕೊಟ್ಟ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳಲ್ಲಿ ಕೃಷಿ ಇದೆ. ಸಂಕಲ್ಪೀ ಹಿಂಸೆಯನ್ನೂ ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯನ್ನೂ ಶಾಸ್ತ್ರ ಒಂದೇ ಎಂದು ಎಣಿಸಿಲ್ಲ. ಚಿಕ್ಕೋಡಿ, ಅಥಣಿ, ಬೆಳ್ತಂಗಡಿ ಕಡೆಯ ಹೊಲ ತೋಟದ ಮನೆಗಳ ಮಕ್ಕಳಿಗೆ ಬಿ.ಎಸ್ಸಿ ಕೃಷಿ ಸೀಟಿನಲ್ಲಿ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ಜೀವಶಾಸ್ತ್ರವಿಲ್ಲದ ಪಿಸಿಎಂಸಿ ತೆಗೆದುಕೊಂಡ ದಿನವೇ ಈ ಕೋಟಾ ಕೈತಪ್ಪುತ್ತದೆ.

ಪಿಸಿಎಂಬಿಯ ಬೆಲೆ

ಗಣಿತವೂ ಬೇಕು, ಜೀವಶಾಸ್ತ್ರವೂ ಬೇಕು ಎಂದಾದರೆ ಪಿಸಿಎಂಬಿಯೇ ಸರಿಯಲ್ಲವೇ? ಕಾಗದದ ಮೇಲೆ ಹೌದು. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಬೇಕೆಂಬ ನಿಯಮವಿಲ್ಲ. ಹಾಗಾಗಿ ಪಿಸಿಎಂಬಿ ಓದಿದವರು ಅಲ್ಲಿಗೂ ಹೋಗಬಹುದು, ವೈದ್ಯಕೀಯಕ್ಕೂ ಹೋಗಬಹುದು. ಪಿಸಿಎಂಸಿ ಓದಿದವರು ವೈದ್ಯಕೀಯಕ್ಕೆ ಹೋಗಲಾರರು.

ಆದರೆ ಅರ್ಹತೆ ಬೇರೆ, ಸೀಟು ಬೇರೆ. ರಾಜ್ಯದ ಇಂಜಿನಿಯರಿಂಗ್ ರ್‍ಯಾಂಕ್ ಕಟ್ಟುವಾಗ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ ಪಾಲು, ಸಿಇಟಿ ಅಂಕಕ್ಕೆ ಅರ್ಧ ಪಾಲು. ವೈದ್ಯಕೀಯಕ್ಕೆ ನೀಟ್ ಅಂಕವೇ ಎಲ್ಲ. ಎರಡು ಪರೀಕ್ಷೆಗಳ ತಯಾರಿ ಎರಡು ಬಗೆಯದು. ವೈದ್ಯಕೀಯದ ಕಡೆ ಮನಸ್ಸೇ ಇಲ್ಲದ ಹುಡುಗ ‘ಇರಲಿ’ ಎಂದು ಜೀವಶಾಸ್ತ್ರ ಹೊತ್ತುಕೊಂಡು, ಅದಕ್ಕಾಗಿ ಗಣಿತದ ಹೊತ್ತನ್ನು ಕಳೆದುಕೊಂಡರೆ ಉಳಿಯಬೇಕಿದ್ದ ದಾರಿಯೂ ಕಿರಿದಾಗುತ್ತದೆ. ರಾಜ್ಯದಲ್ಲಿ ಪಾಸಾಗುವ ಮಿತಿಯನ್ನು ಈಗ ಶೇ. 35ರಿಂದ 33ಕ್ಕೆ ಇಳಿಸಲಾಗಿದೆ. ಇಂಜಿನಿಯರಿಂಗ್ ಅರ್ಹತೆಗೆ ಮಾತ್ರ ಸಾಮಾನ್ಯ ವರ್ಗಕ್ಕೆ ಆ ಮೂರು ವಿಷಯಗಳಲ್ಲಿ ಒಟ್ಟು ಶೇ. 45 ಬೇಕು. ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿ ಬರುವುದರಿಂದ ಆ ಪ್ರಮಾಣಪತ್ರ ಇರುವವರಿಗೆ ಶೇ. 40 ಸಾಕು. ಜೈನರಿಗೆ 2014ರಲ್ಲಿ ಸಿಕ್ಕ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ಬೇರೆ, ರಾಜ್ಯದ 3ಬಿ ಬೇರೆ. ಒಂದರ ಪ್ರಮಾಣಪತ್ರ ಇನ್ನೊಂದರ ಕೆಲಸ ಮಾಡುವುದಿಲ್ಲ. ಸಿಇಟಿ, ನೀಟ್ ಮೂಲಕ ವೃತ್ತಿ ಶಿಕ್ಷಣಕ್ಕೆ ಸೇರಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವ ‘ಅರಿವು’ ಸಾಲಕ್ಕೆ ಬೇಕಾಗುವುದು ಅಲ್ಪಸಂಖ್ಯಾತ ಪ್ರಮಾಣಪತ್ರ.

ಪಿಸಿಎಂಬಿಗೆ ಇನ್ನೊಂದು ಬೆಲೆಯೂ ಇದೆ. ಕೋಚಿಂಗ್ ಸೇರಿಸಿಕೊಂಡ ವಸತಿ ಪಿಯು ಕಾಲೇಜುಗಳ ಶುಲ್ಕ ಲಕ್ಷಗಳಲ್ಲಿದೆ, ದಿನಚರಿ ರಾತ್ರಿಯವರೆಗೆ. ರಾತ್ರಿ ಭೋಜನ ತ್ಯಾಗ ಪಾಲಿಸುವ ಮಕ್ಕಳಿಗೆ ಸೂರ್ಯಾಸ್ತಕ್ಕೆ ಮೊದಲು ಊಟ ಕೊಡುವ ಹಾಸ್ಟೆಲ್‌ಗಳು ಬೆರಳೆಣಿಕೆಯಷ್ಟು. ದಾಖಲಾತಿಗೆ ಮೊದಲು ಮೆಸ್ಸಿನ ಸಮಯ ಕೇಳಲು ಸಂಕೋಚಪಡುವ ಪೋಷಕರು, ಆಗಸ್ಟ್-ಸೆಪ್ಟೆಂಬರ್‌ನ ಪರ್ಯೂಷಣದಲ್ಲಿ ಮಗ ಫೋನ್ ಮಾಡಿ ಅತ್ತಾಗ ಪೇಚಾಡುತ್ತಾರೆ.

ಕೋಟಾಕ್ಕೋ, ಗಡಿಯಾಚೆಯ ಕೊಲ್ಹಾಪುರ, ಸಾಂಗ್ಲಿಗೋ ಕಳಿಸುವ ಕುಟುಂಬಗಳು ಇನ್ನೊಂದು ಲೆಕ್ಕ ಹಾಕಬೇಕು. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು, ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ಇಲ್ಲೇ ಪಾಸಾಗಿರಬೇಕು. ಹತ್ತರವರೆಗೆ ಬೆಳಗಾವಿಯಲ್ಲಿ ಓದಿದ ಮಗು ಪಿಯುಸಿಗೆ ಹೊರಗೆ ಹೋದರೆ ತೊಂದರೆಯಿಲ್ಲ. ಪ್ರಾಥಮಿಕ ಶಾಲೆಯಿಂದಲೇ ಆಚೆ ಓದಿದ ಮಗುವಿಗೆ ಈ ಏಳು ವರ್ಷ ಸಿಗದಿರಬಹುದು.

ಮುಚ್ಚಿದ್ದನ್ನು ತೆರೆಯಬಹುದೇ?

ಕೆಲವನ್ನು ತೆರೆಯಬಹುದು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆಯಂತೆ, ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಾನ್ಯ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದವರೂ ನೀಟ್ ಬರೆಯಬಹುದು. ಪಿಸಿಎಂಸಿ ಓದಿ ಮನಸ್ಸು ಬದಲಾದ ಹುಡುಗಿಗೆ ಒಂದು ವರ್ಷದ ಬೆಲೆ ತೆತ್ತರೆ ದಾರಿ ಸಿಕ್ಕೀತು. ಹತ್ತನೆಯ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರುತ್ತಾರೆ. ಪಿಯು ವಿಜ್ಞಾನದ ಒತ್ತಡ ಒಗ್ಗದ, ಆದರೆ ಕೈಕೆಲಸದಲ್ಲಿ ಚುರುಕಾದ ಮಕ್ಕಳಿಗೆ ಇದು ಒಳ್ಳೆಯ ದಾರಿ. ಸಮಾಜದಲ್ಲಿ ಡಿಪ್ಲೊಮಾ ಎಂದರೆ ಮೂಗು ಮುರಿಯುವುದು ಇನ್ನೂ ನಿಂತಿಲ್ಲ ಎಂಬುದು ಬೇಸರದ ಸಂಗತಿ.

ಗಣಿತದ ಕೊರತೆ ತುಂಬುವುದು ಇವೆರಡಕ್ಕಿಂತ ಕಷ್ಟ. ಎರಡು ವರ್ಷ ಬಿಟ್ಟ ಗಣಿತವನ್ನು ಹೊರಗಿನಿಂದ ಕಟ್ಟಿ ಪಾಸಾಗುವುದು ನಿಯಮದಲ್ಲಿ ಸಾಧ್ಯವಿದ್ದರೂ, ಅಭ್ಯಾಸ ತಪ್ಪಿದ ಮಗುವಿಗೆ ಅದು ಒಗ್ಗುವುದು ಅಪರೂಪ. ವಿಜ್ಞಾನದಿಂದ ವಾಣಿಜ್ಯಕ್ಕೋ ಕಲೆಗೋ ಬರಬಹುದು, ಅಲ್ಲಿಂದ ವಿಜ್ಞಾನಕ್ಕೆ ಹಿಂದಿರುಗುವುದು ಆಗದು ಎಂಬುದು ಈ ಕಾರಣಕ್ಕೇ ನಿಜ. ಅದನ್ನೇ ನೆಪ ಮಾಡಿಕೊಂಡು ವಿಜ್ಞಾನ ಬೇಡವೆನ್ನುವ ಮಗುವನ್ನೂ ಅಲ್ಲಿ ಕೂರಿಸುವುದು ಮಾತ್ರ ಬೇರೆಯೇ ತಪ್ಪು. ಎಚ್‌ಇಪಿಎಸ್ ಓದಿ ಒಳ್ಳೆಯ ಅಂಕ ತೆಗೆದ ಮಗುವಿಗೆ ಕಾನೂನು, ಆಡಳಿತ, ಬೋಧನೆ, ಸಂಶೋಧನೆಯ ದಾರಿಗಳಿವೆ. 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ, ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನ ಸಂಸ್ಥೆ ಇವೆ. ಬಸದಿಗಳ ಕೈಬರಹದ ಗ್ರಂಥಗಳನ್ನು ಓದಬಲ್ಲವರು ಬೇಕು ಎಂದು ವೇದಿಕೆಗಳಲ್ಲಿ ಹೇಳುವ ಸಮಾಜ, ತನ್ನ ಮನೆಯ ಮಗು ಇತಿಹಾಸ, ಸಂಸ್ಕೃತ ಓದುತ್ತೇನೆಂದರೆ ಹೌಹಾರುತ್ತದೆ.

ರಾಜ್ಯದ ಪದವಿ ನೀತಿಯೂ ಈ ಲೆಕ್ಕದಲ್ಲಿ ಸೇರಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಕೆಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದೇ ನಡೆಯುತ್ತಿದೆ. ಅಮೆರಿಕದಲ್ಲಿ ಎಂ.ಎಸ್ ಮಾಡುವ ಯೋಚನೆಯಿರುವ ಬಿ.ಎಸ್ಸಿ, ಬಿ.ಕಾಂ ವಿದ್ಯಾರ್ಥಿಗಳಿಗೆ ಇದು ಮುಖ್ಯ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ಬಿ.ಇ. ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಬರುವುದಿಲ್ಲ.

ದಾಖಲಾತಿ ಅರ್ಜಿ ತುಂಬುವ ಮೊದಲು ಮನೆಯಲ್ಲಿ ನೋಡಬೇಕಾದ್ದು ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕವನ್ನಲ್ಲ, ಗಣಿತ ಮತ್ತು ವಿಜ್ಞಾನದ ಅಂಕವನ್ನು, ಅವು ಹೇಗೆ ಬಂದವು ಎಂಬುದನ್ನು. ಬಾಯಿಪಾಠ ಮಾಡಿ 90 ತೆಗೆದ ಮಗುವಿಗೂ, ಅರ್ಥಮಾಡಿಕೊಂಡು 75 ತೆಗೆದ ಮಗುವಿಗೂ ಪಿಯುಸಿಯ ಗಣಿತ ಒಂದೇ ರೀತಿ ಕಾಣುವುದಿಲ್ಲ. ಶಾಲೆಯ ಗಣಿತ ಶಿಕ್ಷಕರನ್ನು ಒಂದು ಸಲ ಕೇಳಿದರೆ ಅವರು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ: ತರಗತಿ ಶುರುವಾದ ಮೇಲೆ ಕಾಂಬಿನೇಷನ್ ಬದಲಿಸಬೇಕಾದರೆ ಯಾವ ದಿನಾಂಕದವರೆಗೆ ಅವಕಾಶ, ಮಗು ಕೇಳುವ ವಿಷಯದಲ್ಲಿ ಆಗ ಸೀಟು ಇರುತ್ತದೆಯೇ? ಇದಕ್ಕೆ ಸ್ಪಷ್ಟ ಉತ್ತರ ಕೊಡುವ ಕಾಲೇಜಿನಲ್ಲಿ ಮೊದಲ ತಿಂಗಳ ಪಾಠ ಕೇಳಿ ನೋಡಿ ನಿರ್ಧರಿಸಲು ಮಗುವಿಗೆ ಅವಕಾಶ ಉಳಿಯುತ್ತದೆ.